ಮುಯ್ಯಾಕ್ಕ ಹಿಂದಿಯೊಳಗ ಏನಂತಾರ

೧೪ ಸೆಪ್ಟೆಂಬರ್, ರವಿವಾರ, ಸಂಜಿ

…ಅದಕ್ಕ ಅಂದೆ, ದಣಿವು ಅಂದ್ರ ನಂದಲ್ಲ, ಅವರದು. ಇವತ್ತ ಹಿಂದಿನ ಗೋಡಿ ಎದಿಮಟ ಬಂತು. ಬೆಳಿಗ್ಗಿ ನಮ್ಮ ಮನಿ ಕಟ್ಟಲಾಕ ಬಂದವರು ಸಂಜೀತನಾ ಘಮೇಲಾ ಹೊತ್ರು, ತಲಿ ಮ್ಯಾಲೆ ಕಬ್ಬಿಣದ ಬುಟ್ಟಿ. ಇಟ್ಟಂಗಿ, ಉಸುಕು, ನೀರು. ನಾ ವಿಡಿಯೋ ತಗದೆ. ಬರೇ ಫೋನ್ ಹಿಡದು ನನ್ನ ಕೈ ನೋಯ್ಲಾಕತ್ತಾವ. ಅವರ ಕೈ ಹ್ಯಾಂಗಿರಬೇಕು.

ಈ ವಾಟ್ಸಾಪ್ ಗ್ರೂಪ್ ನನ್ನ ಡೈರಿ, ನಾ ಒಬ್ಬಾಕಿನ ಮೆಂಬರ್. ಕಾಲೇಜಿನ ಗೆಳತಿ ಯಕ್ಷಿತಾನ್ನ ಆ್ಯಡ್ ಮಾಡಿ, ಆಮ್ಯಾಲೆ ರಿಮೂವ್ ಮಾಡಿ ಮಾಡಿದ್ದು. ಸಾರಿ ಯಕ್ಷಿ. ಕನ್ನಡದಾಗ ಬರದ್ರ ಕಾಲೇಜಿನಾಗ ಯಾರು ಫೋನ್ ಕಸಗೊಂಡ್ರೂ ಏನೂ ತಿಳಿಯಂಗಿಲ್ಲ. ಯಕ್ಷಿ ತುಳು ಮಾತಾಡೋರ ಮನಿಯಾಕಿ, ಆದ್ರ ಕನ್ನಡ ಅಕ್ಷರ ಆಕಿಗಿ ಜಿಲೇಬಿ. ನಾ ಏಳನೇತ್ತೆತನಾ ಮುನಸಿಪಾಲ್ಟಿ ಕನ್ನಡ ಶಾಳ್ಯಾಗ ಕಲ್ತದ್ದು ಇಷ್ಟಕ್ಕಾರ ಬಂತು.

ಆಗಸ್ಟಿನಾಗ ಮಳಿ ಮತ್ತ ಸಮುದ್ರದ ಭರತಿ ಎರಡೂ ಒಂದ ಹೊತ್ತಿಗಿ ಬಂದು, ನಾಲಾ ಉಕ್ಕಿ, ವಡಾಲಾದಾಗ ನಮ್ಮ ಚಾಳಿನ ಕೆಳಗಿನ ಓಣಿ ಪೂರಾ ನೀರಾಗ ನಿಂತಿತ್ತು. ನಮ್ಮ ಮನಿ ನಿಲ್ಲಲಿಲ್ಲ, ಅಷ್ಟ. ಗೋಡಿ ಬಿತ್ತು, ಮ್ಯಾಲಿನ ತಗಡಿನ ಪತ್ರಾ ಹೋತು. ಈಗ ಅಪ್ಪ, ಅವ್ವ, ನಾ ಮೂವರೂ ಮ್ಯಾಲಿನ ಓಣಿ ಮಲ್ಲಕ್ಕನ ಮನಿ ಮಾಳದಾಗ, ಅಂದ್ರ ಅಟ್ಟದಾಗ. ಎದ್ದು ನಿಂತ್ರ ತಲಿ ಬಡೀತದ. ಕುಂತ ಬಟ್ಟಿ ಹಾಕ್ಕೋಬೇಕು, ಕುಂತ ತಲಿ ಬಾಚ್ಕೋಬೇಕು. ಎಲ್ಲಾ ಹಸಿ ವಾಸನಿ. ನನ್ನ ಪುಸ್ತಕಾನೂ.

ಸಂಡೇ ಹಾಥ್ ಅನ್ನೋ ಸೇವಾ ಸಂಸ್ಥಾದವರು ಬರದಿದ್ರ ಏನಾಗ್ತಿತ್ತೋ. ಸಾಮಾನು ಅವರ ಆಫೀಸಿನವರು ಕಳಸ್ತಾರ, ಒಬ್ಬ ಗೌಂಡಿ ಕೊಟ್ಟಾರ, ಉಳಿದ ಕೆಲಸಕ್ಕ ಪ್ರತಿ ರವಿವಾರ ಇವರು. ವಂದನಾತಾಈ ಲೀಡರ್. ವಾರ ಪೂರಾ ಸಾಂತಾಕ್ರೂಜ್‌ದಾಗ ಹೋಟೆಲ್ ರಿಸೆಪ್ಷನ್ನಿನಾಗ ನಿಂತು, ರವಿವಾರ ಇಲ್ಲಿ ಬಂದು ಉಸುಕು ಜರಡಿ ಹಿಡೀತಾಳ. ನಾ ಆಕಿ ಫುಲ್ ಫ್ಯಾನ್. ಸ್ಟೇಟಸ್ ಬಿದ್ದ ಕೂಡ್ಲೆ ಮೊದಲನೇ ವ್ಯೂ ನಂದ. ಆಕಿ ಮಾತು ಮಾತಿಗಿ 'ಚಲಾ', ಅಂದ್ರ ನಡೀರಿ, ಅಂತಾಳ, ನಾನೂ ಈಗ ಕಾಲೇಜಿನಾಗ ಚಲಾ ಅನ್ಲಾಕತ್ತೀನಿ. ಅವ್ವಗ ಮರಾಠಿ ತಾಈ ಅಂದ್ರ ಅಕ್ಕ ಅಂತ ಗೊತ್ತದ, ಆದ್ರೂ ಚ್ಯಾಷ್ಟಿ. ನಾ ಇನ್ನೂ ಜೀವಂತ ಅದೀನಿ, ನಿನಗ ಇನ್ನೊಬ್ಬಾಕಿ ತಾಯಿ ಯಾಕ ಬೇಕಾತು, ಅಂತಾಳ.

ಒಂದ ಬ್ಯಾಸರ. ಅವ್ವ ನಸಿಕಿನ್ಯಾಗ ಎದ್ದು ರೊಟ್ಟಿ ಬಡದಿದ್ಲು. ಒಬ್ರೂ ಮುಟ್ಟಲಿಲ್ಲ. ಅವರದು ರೂಲ್ ಅಂತ, ಮನಿ ಕಳಕೊಂಡವರ ಕಡಿಂದ ಒಂದ ಕಪ್ ಚಾ ಸುದ್ದಾ ತಗೋಬಾರದು. ತಮ್ಮ ನೀರು, ತಮ್ಮ ವಡಾಪಾವ್. ತಾಈ ಅಂತೂ ಭಾಳ ನಾಜೂಕಿನಿಂದ ಅಂದ್ಳು. ಅವ್ವನ ಮಾರಿ ಮಾತ್ರ ಸಣ್ಣದಾತು. ಬುಟ್ಟಿ ಮುಚ್ಚಿ ವಾಪಸ್ ಒಯ್ದ್ಲು.

೧೫ ಸೆಪ್ಟೆಂಬರ್, ಲೋಕಲಿನಾಗ

ಕುಂದರಲಾಕ ಜಾಗಾ ಸಿಕ್ಕದ. ಪವಾಡ.

ಅಪ್ಪ ಪಾರ್ಲೆದಾಗ ಒಂದ ಬಿಲ್ಡಿಂಗಿನ ನೈಟ್ ವಾಚ್‌ಮನ್. ನಂದು ಕಾಲೇಜೂ ಪಾರ್ಲೆ. ಅವ ಇಳಿಯೋ ಟೈಮಿಗಿ ನಾ ಹತ್ತತೀನಿ. ವಡಾಲಾ ಪ್ಲಾಟ್‌ಫಾರ್ಮಿನ್ಯಾಗ ನಮ್ಮ ಇಬ್ಬರ ದಿನದ ಭೇಟಿ ಅಷ್ಟ. ಕಣ್ಣು ಕೆಂಪು, ಕೈಯಾಗ ಖಾಲಿ ಡಬ್ಬಿ. ಇವತ್ತ ನನ್ನ ಭುಜದ ಮ್ಯಾಲಿನ ಮಾಳದ ಗೋಡಿ ಸುಣ್ಣ ಝಾಡಿಸಿ ಹೋದ.

ನಿದ್ದಿ… ಬಾಂದ್ರಾ ಬಂತೇನು.

೨೮ ಸೆಪ್ಟೆಂಬರ್, ರವಿವಾರ

ನಾಕೂ ಗೋಡಿ ನಿಂತಾವ. ಬಾಗಲಾ ಚೌಕಟ್ಟು ಕೂಡಸ್ಯಾರ. ಅನಿಕೇತ್ ಚೌಕಟ್ಟಿನಾಗ ನಿಂತು ಒಂದ ಪೋಸ್ ಕೊಟ್ಟ, ನಾ ಫೋಟೋ ತಗದೆ. ಅನಿಕೇತ್ ಸಂಡೇ ಹಾಥ್ ವಾಟ್ಸಾಪ್ ಗ್ರೂಪಿನ ಜೋಕರ್, ನನ್ನೂ ಅದಕ್ಕ ಸೇರಿಸ್ಯಾರ. ಗ್ರೂಪಿನಾಗ ಗುಡ್ ಮಾರ್ನಿಂಗ್ ಅಂದವರಿಗೂ ಮೀಮ್‌ನ್ಯಾಗ ಉತ್ತರ ಕೊಡ್ತಾನ. ಬಿಸಿಲಿಗಿ ಇವತ್ತ ಅವನೂ ಸುಮ್ನಾಗಿದ್ದ.

ಅಪ್ಪಂದು ಡ್ಯೂಟಿ ಮುಗಿಸಿ ಬಂದು ನಿದ್ದಿ ಇಲ್ಲ, ಸೀದಾ ಇಲ್ಲಿ. ಅವರ ಜೋಡಿ ಘಮೇಲಾ ಹೊರ್ತಾನ. ಆದ್ರ ಇವತ್ತ ಒಂದ ವಿಚಿತ್ರ ಮಾಡ್ದ. ಒಬ್ಬೊಬ್ಬರ ಹತ್ರ ಹೋಗಿ ಅವರ ಮನಿ ಕೇಳ್ದ. ಎಲ್ಲಿರ್ತೀರಿ, ಮನ್ಯಾಗ ಏನರ ಕೆಲಸ ಅದ ಏನು, ಬಣ್ಣ ಗಿಣ್ಣ, ಸಾಮಾನು ಎತ್ತಿ ಇಡೋದು. ಅವರೆಲ್ಲಾ ನಕ್ಕು, ಕುಛ್ ನಹೀ ಅಂಕಲ್, ಆಪ್ ಆರಾಮ್ ಕರೋ ಅಂದ್ರು. ತಾಈನೂ ಏನೂ ಇಲ್ಲ ಅಂದ್ಳು.

ನನಗ ನಾಚಿಕಿ ಬಂತು. ಲಿಫ್ಟ್ ಇದ್ದ ಬಿಲ್ಡಿಂಗಿನವರಿಗಿ ಹಿಂಗ ಕೇಳ್ತಾರೇನು. ಅಪ್ಪಗ ಅಂದೆ. ಅವ ನನ್ನ ಒಂದ ಸಲ ನೋಡಿ, ಮತ್ತ ಘಮೇಲಾ ಎತ್ತಿದ.

೧೨ ಅಕ್ಟೋಬರ್, ರವಿವಾರ

ಕೆಟ್ಟ ದಿನ. ಛೇ.

ಆಫೀಸಿಂದ ತಾಈಗ ಮೆಸೇಜ್ ಬಂದಿತ್ತಂತ. ಮನಿ ಸಿಕ್ಕವರು ಎರಡೆರಡು ಮಾತು ಕ್ಯಾಮೆರಾದ ಮುಂದ ಥ್ಯಾಂಕ್ಸ್ ಹೇಳಬೇಕು, ಅವರ ಪೇಜಿಗಿ ಹಾಕ್ತಾರ. ನಾ ಮಾಡಸ್ತೀನಿ ಅಂದೆ. ತಾಈ ಸಲುವಾಗಿ ನಾ ಏನ್ ಬೇಕಾದ್ರೂ ಮಾಡೇನು. ಲೈನೂ ನಾನ ಬರದೆ. ಅವ್ವ ಸೆರಗು ಸರಿ ಮಾಡ್ಕೊಂಡು ಚಲೋ ಹೇಳಿದ್ಲು. ಮಲ್ಲಕ್ಕನ ಮನಿಗಿ ಏನೂ ಆಗಿಲ್ಲ, ಆದ್ರೂ ಬಂದು ನಿಂತು ಎಲ್ಲಾರಕಿಂತ ಉದ್ದ ಹೇಳಿದ್ಲು.

ಅಪ್ಪನ ಪಾಳಿ. ನೆಲ ಸಮ ಮಾಡ್ಲಾಕತ್ತಿದ್ದ, ಕೈಯಾಗ ಕಬ್ಬಿಣದ ಹಾರಿ. ಕ್ಯಾಮೆರಾ ಚಾಲೂ. ಎಲ್ಲಾರೂ ಸುತ್ತ ನಿಂತಾರ.

"ಹೇಳಪ್ಪಾ, ಎರಡ ಸೆಕೆಂಡ್."

"ಏನ್ ಹೇಳ್ಬೇಕು?"

"ಧನ್ಯವಾದ್. ಅಷ್ಟ."

"ಅದನ್ನ ನಾ ಹೇಳಂಗಿಲ್ಲ."

ಹಾರಿ ಹೆಗಲ ಮ್ಯಾಲೆ ಇಟ್ಕೊಂಡು ತಾಈ ಮತ್ತ ಅನಿಕೇತನ ನಡಕಿಂದ ಹೊಂಟ ಹೋದ. ಅನಿಕೇತ್ ಎರಡ ಹೆಜ್ಜಿ ಹಿಂದ ಸರದ. ಅಪ್ಪನ ಮಾರಿ ನಿದ್ದಿಗೆಟ್ಟ ಮಾರಿ. ನೋಡಿದವರಿಗಿ ಸಿಟ್ಟಿನ ಮಾರಿ. ವಿಡಿಯೋ ಚಾಲೂನ ಇತ್ತು.

ತಾಈ ಬಾಟಲಿ ನೀರು ಕುಡದು, ಚಲಾ ಅಂದು, ಎಲ್ಲಾರನೂ ಕರಕೊಂಡು ಹೋದ್ಲು. ಮುಂದಿನ ವಾರ ಪತ್ರಾ ಹಾಕೋದು ಅದ.

೧೩ ಅಕ್ಟೋಬರ್, ಲೋಕಲಿನಾಗ

ಪ್ಲಾಟ್‌ಫಾರ್ಮಿನ್ಯಾಗ ಅಪ್ಪನ್ನ ಹಿಡದು ಬೆಂಚಿನ ಮ್ಯಾಲೆ ಕುಂದ್ರಿಸಿದೆ. ಎರಡ ಗಾಡಿ ಬಿಟ್ಟೆ. ಯಾಕ ಹಂಗ ಮಾಡ್ದಿ, ನನ್ನ ಮರ್ಯಾದಿ ಹೋತು ಅಂದೆ. ಅವ ಡಬ್ಬಿ ಮುಚ್ಚಳಾ ತಿರಗಿಸ್ಕೋತ ಊರಿಂದು ಹೇಳ್ದ. ನಮ್ಮ ವಿಜಯಪುರದ ಕಡಿ ಒಬ್ಬರ ಹೊಲದಾಗ ಕೆಲಸ ಬಿದ್ರ ಓಣಿಯವರು ಮುಯ್ಯಾಕ್ಕ ಹೋಗ್ತಾರ. ಕೂಲಿ ಇಲ್ಲ. ಇವತ್ತ ನೀ ನನಗ ದುಡದಿ, ನಾಳಿ ನಾ ನಿನಗ. ಉಣ್ಣಾಕ ಹಾಕ್ತಾರ, ಉಣ್ತಾರ. ಯಾರೂ ಯಾರಿಗೂ ಥ್ಯಾಂಕ್ಸ್ ಅನ್ನಂಗಿಲ್ಲ.

"ಥ್ಯಾಂಕ್ಸ್ ಅಂದ್ರ ಏನಾಗ್ತದಪ್ಪ?"

"ಆತು, ಇನ್ ನಡೀರಿ ಅಂದಂಗ ಆಗ್ತದ. ಬಾಯಿಲೆ ತೀರಿಸಿ ಕೈ ಝಾಡಿಸಿದಂಗ. ನನ್ನ ಹಂಗ ಮಾಡಂದ್ರ ಹ್ಯಾಂಗ ಮಾಡ್ಲಿ?"

ಆಮ್ಯಾಲೆ ಇನ್ನೂ ಒಂದ ಅಂದ. ಅವರ ಪೈಕಿ ಒಬ್ಬರ ಮನ್ಯಾಗರ ಒಂದ ದಿನ ದುಡೀಲಿಲ್ಲಂದ್ರ ಅವ ಹೊಸಾ ಮನಿ ಹೊಸ್ತಲಾ ದಾಟಂಗಿಲ್ಲಂತ. ಹಾಲು ಉಕ್ಕಸಂಗಿಲ್ಲ, ಮಲಗಂಗಿಲ್ಲ. ಚ್ಯಾಷ್ಟಿ ಅಲ್ಲ. ಅಪ್ಪ ಹಂಗ ಅಂದ್ರ ಹಂಗ. ಬೀಡಿ ಬಿಡ್ತೀನಿ ಅಂದವ ಅವತ್ತ ಬಿಟ್ಟ.

ಈಗಷ್ಟ ತಾಈ ಗ್ರೂಪಿನಾಗ ಕೇಳ್ಯಾಳ, ಅಂಕಲ್ ಕೋ ಬುರಾ ಲಗಾ ಕ್ಯಾ, ಅಂಕಲಿಗಿ ಬ್ಯಾಸರ ಆತೇನು ಅಂತ. ಗಾಡ್ಯಾಗ ನಿಂತೀನಿ, ಒಂದ ಕೈ ಮ್ಯಾಲೆ ಹಿಡಿಕಿಗಿ, ಒಂದ ಕೈಲೆ ಟೈಪ್ ಮಾಡ್ಬೇಕು. ಮುಯ್ಯಾಕ್ಕ ಹಿಂದಿಯೊಳಗ ಏನಂತಾರ? ಅದಲು ಬದಲು ಅಂದಂಗ… ಬದಲಾ. ಮುಯ್ಯಾ ತೀರಿಸೋದು ಅಂದ್ರ ಬದಲಾ ಲೇನಾ. ಕಳಿಸಿದೆ.

'ಪಾಪಾ ಸಬ್ ಸೇ ಬದಲಾ ಲೇಂಗೇ ತಾಈ. ಉಸ್ಕೇ ಬಿನಾ ಘರ್ ಮೇ ಪೈರ್ ನಹೀ ರಖೇಂಗೇ.'

ಅಪ್ಪ ಎಲ್ಲಾರ ಮುಯ್ಯಾ ತೀರಸ್ತಾನ, ಅದಿಲ್ಲದ ಮನ್ಯಾಗ ಕಾಲಿಡಂಗಿಲ್ಲ, ಅಂತ. ಚಲೋ ಆತು. ಈಗ ಅವರಿಗೂ ಅಪ್ಪನ ಮನಸ ತಿಳೀತದ.

೧೪ ಅಕ್ಟೋಬರ್

ಗ್ರೂಪ್ ಲಾಕ್. ಅಡ್ಮಿನ್ಸ್ ಅಷ್ಟ ಮೆಸೇಜ್ ಕಳಸಬಹುದು ಅಂತ ಬರಾಕತ್ತದ. ನಾ ಏನ್ ಮಾಡ್ದೆ ಅಂತ ತಿಳೀಲಿಲ್ಲ. ನೆಟ್ ಬಂದ್ ಮಾಡಿ ಚಾಲೂ ಮಾಡ್ದೆ. ಫೋನೂ ಬಂದ್ ಮಾಡಿ ಚಾಲೂ ಮಾಡ್ದೆ.

ಕ್ಯಾಂಟೀನಿನಾಗ ಯಕ್ಷಿತಾಗ ಮೆಸೇಜೂ ಆ ವಿಡಿಯೋನೂ ತೋರಿಸಿದೆ. ಓದಿ ಚಾ ಕಪ್ ಕೆಳಗಿಟ್ಲು. ಶಿವಿ, ಇದು ಸಿನೇಮಾದ ವಿಲನ್ ಫೋನ್ ಮಾಡಿ ಹೇಳೋದು, ಅಂದ್ಳು. ಸಬ್ ಸೇ ಬದಲಾ ಲೇಂಗೇ, ಅಂದ್ರ ಎಲ್ಲಾರ ಮ್ಯಾಲೆ ಸೇಡು ತೀರಸ್ತಾನ ಅಂತ. ಅದರ ಮ್ಯಾಲೆ ಹಾರಿ ಹೆಗಲಿಗಿ ಹಾಕ್ಕೊಂಡ ವಿಡಿಯೋ. ನಾ ಆಗಿದ್ರ ಪೊಲೀಸ್ರಿಗಿ ಫೋನ್ ಮಾಡ್ತಿದ್ದೆ, ಅಂದ್ಳು.

ಮೆಸೇಜ್ ಮತ್ತೊಮ್ಮೆ ಓದಿದೆ. ಇಡೀ ವಾಟ್ಸಾಪಿನಾಗ ನನ್ನಂಗ ಟೈಪ್ ಮಾಡೋರಿಲ್ಲ ಅಂತ ತಿಳಕೊಂಡಿದ್ದೆ. ಒಂದ ಶಬ್ದ ಸಿಗಲಿಲ್ಲ.

ತಾಈಗ ಪರ್ಸನಲ್ ವಾಯ್ಸ್ ನೋಟ್ ಕಳಿಸಿದೆ. ಅಳು ಬಂತು, ಡಿಲೀಟ್ ಮಾಡ್ದೆ. ಮತ್ತೊಂದು ಕಳಿಸಿದೆ. ಎರಡ ಟಿಕ್ ಬಿದ್ದಾವ. ಬೂದಿ ಬಣ್ಣ.

೧೯ ಅಕ್ಟೋಬರ್, ರವಿವಾರ

ಯಾರೂ ಬರಲಿಲ್ಲ.

ಪತ್ರಾ ಓಣ್ಯಾಗ ಗೋಡಿಗಿ ಆನಿಸಿ ಇಟ್ಟಾವ. ಅಪ್ಪ ಬೆಳಿಗ್ಗಿಂದ ದಾರ ಹಿಡಕೊಂಡು ಗೋಡಿ ಅಳಕೋತ ಕುಂತಿದ್ದ. ಮಧ್ಯಾಹ್ನ ಆತು. ನಾಳಿ ದೀಪಾವಳಿ ಅಲ್ಲ, ಅದಕ್ಕ ರಜಾ ಮಾಡ್ಯಾರ, ಅಂದೆ. ಹೌದಲ್ಲ, ಹಬ್ಬ, ಅವರಿಗೂ ಮನಿ ಮಾರು ಅದಾವ, ಅಂದ ಅಪ್ಪ. ದಾರ ಸುತ್ತಿ ಕಿಸೆದಾಗ ಹಾಕ್ಕೊಂಡ.

ಖರೇ ಹೇಳಬೇಕಿತ್ತು. ಮಾಳದಾಗ ಒಂದ ಮೂಲಿಗಿ ಅವ್ವ ಪಣತಿ ಇಟ್ಲು. ಬೆಂಕಿ ಹತ್ತೀತು, ಹುಷಾರ್, ಅಂತ ಕೆಳಗಿಂದ ಮಲ್ಲಕ್ಕ.

೨ ನವೆಂಬರ್, ರವಿವಾರ

ಬರದು ಭಾಳ ದಿನ ಆತು. ಏನ್ ಬರೀಲಿ. ಹೋದ ರವಿವಾರನೂ ಯಾರೂ ಇಲ್ಲ, ಇವತ್ತೂ ಇಲ್ಲ. ತಾಈ ಸ್ಟೇಟಸ್ ನೋಡೋದು ಬಿಟ್ಟೀನಿ. ಸುಳ್ಳು. ನೋಡ್ತೀನಿ. ಏನೂ ಹಾಕಿಲ್ಲ.

ಮುಂಜಾನಿ ಮಲ್ಲಕ್ಕ ಅವ್ವನ್ನ ನಳದ ಹತ್ರ ಕುಂದ್ರಿಸಿ ಮಾತಾಡಿದ್ಲು. ಮಗ ಪ್ರಶಾಂತಂದು ಲಗ್ನ ಈ ತಿಂಗಳ ಕೊನಿಗಿ. ಬೀಗರು ಅದಕಿಂತ ಮೊದಲ ಬಂದು ಇಳೀತಾರ. ಮಾಳಾ ಬೇಕಾಗ್ತದ. ಮಲ್ಲಕ್ಕ ಕೆಟ್ಟಾಕಿ ಅಲ್ಲ. ಹೇಳಿ ತಾನ ಕಣ್ಣು ಒರಸ್ಕೊಂಡ್ಲು. ಆಗಸ್ಟಿಂದ ನಮ್ಮನ್ನ ಇಟ್ಕೊಂಡಾಳ, ಇನ್ನೆಷ್ಟು ಇಟ್ಕೊಬೇಕು.

ಅವ್ವ ಅಪ್ಪಗ ಹೇಳಿದ್ಲು. ಪತ್ರಾ ನಾವ ಹಾಕ್ಕೊಂಡು ಹೋಗೂಣು, ಗೌಂಡಿಗಿ ಹೇಳೂಣು. ಅಪ್ಪ ಇಲ್ಲ ಅಂದ. ಮುಯ್ಯಾ ತೀರಸದ ಒಳಗ ಕಾಲಿಡಂಗಿಲ್ಲ. ಅವರು ಬರ್ಲಿ, ಒಬ್ಬರ ಮನಿ ಕೇಳ್ಕೊಂಡು ನಾ ಹೋಗಿ ಬರ್ತೀನಿ. ಅವ್ವ ಸಿಟ್ಟಿಗೆದ್ಲು. ಹಂಗಾದ್ರ ನಿನ್ನ ಮುಯ್ಯಾ ಹಾಸ್ಕೊಂಡು ವಡಾಲಾ ಸ್ಟೇಷನ್ದಾಗ ಮಲ್ಕೊ, ಅಂದ್ಳು.

ಅವರು ಬರಂಗಿಲ್ಲ, ಅಂದೆ ನಾನು.

ಹೇಳ್ಬೇಕಾತು. ಎಲ್ಲಾ ಹೇಳಿದೆ. ಮೆಸೇಜ್ ಓದಿ ತೋರಿಸಿದೆ. ಅವ್ವಗ ಹಿಂದಿ ತಿಳೀತದ. ಮೊದಲ ಸೆರಗು ಬಾಯಿಗಿ ಇಟ್ಕೊಂಡ್ಲು, ಆಮ್ಯಾಲೆ ನಕ್ಕು ನಕ್ಕು ಕೆಮ್ಮು ಬಂತು ಆಕಿಗಿ. ಕೆಳಗಿಂದ ಮಲ್ಲಕ್ಕ ಏನಾತು ಏನಾತು ಅಂತ. ಅಪ್ಪ ನಗಲಿಲ್ಲ.

"ಬದಲಾ ಅಂದ್ರ ಹೊಡಿಯೋದಾ?"

"ಹೂಂ."

"ನಾ ಆ ಹುಡುಗೂರಿಗಿ ಹೊಡೀತೀನಿ ಅಂತ ತಿಳಕೊಂಡಾರ?"

ನಾ ಫೋನ್ ಕೆಳಗಿಟ್ಟೆ. ಅಪ್ಪನ ಮಾರಿ ನೋಡ್ಲಾಕ ಆಗ್ಲಿಲ್ಲ. ಆಗಸ್ಟಿನಾಗ ಬಿದ್ದ ಗೋಡಿ ಮುಂದ ನಿಂತಾಗೂ ಅವನ ಮಾರಿ ಹಿಂಗ ಇದ್ದಿದ್ದಿಲ್ಲ.

"ಆಕಿ ಮನಿ ಎಲ್ಲದ?"

ನನಗ ಗೊತ್ತಿತ್ತು. ತಾಈದ ಒಂದ ಹಳೀ ಸ್ಟೇಟಸ್‌ದಾಗ ಸೊಸೈಟಿ ಗೇಟಿನ ಬೋರ್ಡ್ ಬಂದಿತ್ತು, ಬಾಜೂಕ ಒಂದ ಬೇಕರಿ. ಇಷ್ಟು ಅಭ್ಯಾಸ ಕಾಲೇಜಿಂದು ಮಾಡಿದ್ರ ನಂಬರ್ ಬರ್ತಿದ್ದಿ, ಅಂದ ಅಪ್ಪ.

೩ ನವೆಂಬರ್, ಸೋಮವಾರ, ಸಂಜಿ

ಹೋಗಿ ಬಂದ್ವಿ. ಕಾಲಿನಾಗ ಜೀವ ಇಲ್ಲ. ಆದ್ರ ಬರೀಬೇಕು.

ಸಾಂತಾಕ್ರೂಜ್‌ದಾಗ ಇಳದು ಬೇಕರಿ ಕೇಳ್ಕೊಂಡು ಹೋದ್ವಿ. ನನ್ನ ತಲ್ಯಾಗ ದೊಡ್ಡ ಟವರ್ ಇತ್ತು, ಗಾಜಿನ ಲಾಬಿ ಇತ್ತು. ಇದು ಹಳೀ ಸೊಸೈಟಿ. ಲಿಫ್ಟ್ ಇಲ್ಲ. ತಾಈ ಮನಿ ಗ್ರೌಂಡ್ ಫ್ಲೋರ್, ಗೇಟಿನ ರಸ್ತಾಕಿಂತ ಎರಡ ಪಾವಟಗಿ ಕೆಳಗ.

ಬಾಗಲಾ ಚೈನ್ ಹಾಕ್ಕೊಂಡ ತಗದ್ಲು. ನಮ್ಮ ಇಬ್ಬರನ್ನ ನೋಡಿ ಚೈನ್ ತಗೀಲಿಲ್ಲ. ಅಪ್ಪ ಎರಡೂ ಕೈ ಅಗಲ ಮಾಡಿ ತೋರಿಸಿದ, ಕೈಯಾಗ ಏನೂ ಇಲ್ಲ ಅಂತ. ನನಗ ನೆಲ ಬಿರಿಬಾರದಾ ಅನಿಸ್ತು. ಆಮ್ಯಾಲೆ ತನ್ನ ಹರಕ ಮರಾಠಿಯೊಳಗ ಅಂದ,

"ಬಾಯಿ, ಮೀ ಮಾರಾಯಲಾ ನಾಹೀ ಆಲೋ. ಕಾಮಾಲಾ ಆಲೋ."

ಹೊಡೀಲಾಕ ಬಂದಿಲ್ಲ, ಕೆಲಸಕ್ಕ ಬಂದೀನಿ.

ಒಳಗಿಂದ ತಾಈ ಆಈ, ಅಂದ್ರ ಆಕಿ ಅವ್ವ, ಯಾರು ಅಂತ ಕೇಳಿದ್ರು. ಚೈನ್ ತಗದ್ಲು. ಒಳಗ ಹೋದ ಕೂಡ್ಲೆ ನಾ ಗೋಡಿ ನೋಡ್ದೆ. ಅಪ್ಪನೂ ನೋಡ್ದ. ನಡುಮಟ ನೀರಿನ ಗೆರಿ. ಅದರ ಕೆಳಗ ಸುಣ್ಣ ಹಪ್ಪಳದಂಗ ಎದ್ದು ನಿಂತದ. ಕಪಾಟಿನ ಬಾಗಲಾ ಉಬ್ಬಿ ಮುಚ್ಚಲಾಕ ಬರ್ಲಾಕತ್ತಿಲ್ಲ. ಕಾಟಿನ ಕಾಲಿಗಿ ಇಟ್ಟಂಗಿ. ಅದರ ಮ್ಯಾಲೆ ಆಈ ಕುಂತಾರ, ಸುತ್ತಲೂ ಸಾಮಾನು ತುಂಬಿದ ರಟ್ಟಿನ ಖೋಕಾ. ಅದ ಹಸಿ ವಾಸನಿ. ನಮ್ಮ ಮಾಳದ್ದು.

ನಮ್ಮ ಮನಿ ಮುಳಗಿದ ದಿನಾನ ಇವರದೂ ಮುಳಗಿತ್ತು. ಗೋಡಿ ಬಿದ್ದಿಲ್ಲ, ಅಷ್ಟ ಫರಕ್. ಮನ್ಯಾಗ ಏನೂ ಕೆಲಸ ಇಲ್ಲ ಅಂದಿದ್ದಳಲ್ಲ. ತಿಂಗಳಗಟ್ಲೆ ನಾ ಆಕಿ ಸ್ಟೇಟಸ್ ನೋಡೀನಿ, ಒಂದರೊಳಗೂ ಈ ಗೋಡಿ ಬಂದಿಲ್ಲ.

ನಾ ಮಾತಾಡಿದೆ. ಮೆಸೇಜ್ ತಪ್ಪು, ಶಬ್ದ ಸಿಗಲಿಲ್ಲ, ಅಪ್ಪ ಅಂದದ್ದು ಬ್ಯಾರೆ. ಹೊಲ, ಕೆಲಸ, ಇವತ್ತ ನೀವು ನಾಳಿ ನಾವು. ಹಿಂದಿ, ಮರಾಠಿ, ಇಂಗ್ಲಿಷ್ ಎಲ್ಲಾ ಕಲಸಿ ಹೇಳಿದೆ. ತಾಈ ಕೇಳ್ಕೋತ ನಿಂತಿದ್ಲು. ಆಈ ಕಾಟಿನ ಮ್ಯಾಲಿಂದ ನಡಕ ಬಾಯಿ ಹಾಕಿದ್ರು.

"ಅಗ, ಸಾವಡ್ ಮ್ಹಣತಾಯತ ತೇ."

ಸಾವಡ್. ಅವರ ಸಾತಾರಾ ಕಡಿ ಮುಯ್ಯಾಕ್ಕ ಅದ ಹೆಸರಂತ. ಆಈ ಸಣ್ಣಾಕಿ ಇದ್ದಾಗ ಸಾವಡಿಗಿ ಹೋಗಿ ಶೇಂಗಾ ಕಿತ್ತಾರಂತ. ಅಪ್ಪಗ ಆ ಶಬ್ದ ಗೊತ್ತಿಲ್ಲ, ಆದ್ರ ಶೇಂಗಾ ಅಂದದ್ದು ತಿಳೀತು. ಹೌದ್ರಿ, ಶೇಂಗಾ, ಅಂದ. ಇಬ್ಬರೂ ಕೂಡಿ ಯಾವ ಊರಾಗ ಯಾವಾಗ ಕೀಳ್ತಾರ ಅಂತ ಮಾತು ಚಾಲೂ ಮಾಡಿದ್ರು, ನಾವು ಅಲ್ಲಿ ಇಲ್ಲೇ ಇಲ್ಲ ಅನ್ನುವಂಗ.

ತಾಈ ನನ್ನ ಅಡಗಿ ಮನಿ ಕಡಿ ಕರಕೊಂಡು ಹೋದ್ಲು. ಆಫೀಸಿನವರು ಸ್ವಲ್ಪ ದಿನ ಅಲ್ಲಿ ಹೋಗಬ್ಯಾಡ್ರಿ, ಉತ್ತರಾನೂ ಕೊಡಬ್ಯಾಡ್ರಿ ಅಂದಿದ್ರಂತ. ನನ್ನ ವಾಯ್ಸ್ ನೋಟ್ ಕೇಳಿಲ್ಲ, ಕೇಳಿದ್ರ ಉತ್ತರ ಕೊಡಬೇಕಾಗ್ತದಂತ. ಕಣ್ಣ ಕೆಳಗ ಕಪ್ಪು. ಇಷ್ಟು ದಿನ ನನಗ ಅದು ಕಾಜಲ್ ಅನಿಸಿತ್ತು. ಡಬಲ್ ಶಿಫ್ಟ್ ಮಾಡಿ ಬಂದು ಕುಂತ್ರ ಈ ಗೋಡಿ ಕಡಿ ಬೆನ್ನು ಮಾಡಿ ಕುಂದರತೀನಿ, ಅಂದ್ಳು. ರವಿವಾರ ನಿಮ್ಮ ಗೋಡಿ ಏರೋದರ ಕಾಣತಿತ್ತು.

ಆದ್ರ ಅಪ್ಪ ಕೆಲಸ ಮಾಡೋದು ಬ್ಯಾಡ ಅಂದ್ಳು. ರೂಲ್ ರೂಲ್. ಮನಿ ಹೋದವರ ಕಡಿಂದ ಏನೂ ತಗೋಬಾರದು. ತಾನ ಲೀಡರ್ ಆಗಿ ತಾನ ಮುರದ್ರ ಹ್ಯಾಂಗ. ಅಪ್ಪನ ಮುಂದ ಬಂದು ಅದನ್ನ ಅಂದ್ಳು. ಅಪ್ಪ ಆಈ ಕಡಿ ನೋಡ್ದ.

ಆಈ ಅಂದದ್ದು ಕನ್ನಡದಾಗ ಬರೀತೀನಿ. "ರೂಲ್ ನಿಂದು. ಗೋಡಿ ನಂದು. ಬರೂದಾದ್ರ ರವಿವಾರ ಬರ್ಲಿ, ಉಂಡು ಹೋಗಬೇಕು ಅಷ್ಟ."

೯ ನವೆಂಬರ್, ರವಿವಾರ

ಅಪ್ಪ ಅವ್ವ ಇಬ್ಬರೂ ಸಾಂತಾಕ್ರೂಜಿಗಿ ಹೋಗಿದ್ರು. ನಾ ಹೋಗಲಿಲ್ಲ. ನಾಳಿ ಇಂಟರ್ನಲ್. ಓದಲಿಲ್ಲ ಅದು ಬ್ಯಾರೆ ಮಾತು. ಮಾಳದಾಗ ಮಲ್ಕೊಂಡು ಫೋನ್ ನೋಡಿದೆ.

ಅವ್ವ ಬಂದು ಹೇಳಿದ್ದು: ಇಡೀ ದಿನ ಸುಣ್ಣ ಕೆರದ್ರಂತ. ಅಪ್ಪ ಕೆರಿಯೋದು, ತಾಈ ಮತ್ತ ಅವ್ವ ಚೀಲಕ್ಕ ತುಂಬೋದು. ತಾಈ ಮೊದಲ ಬಿಗದಂಗ ಇದ್ಲಂತ. ಅಪ್ಪ ಒಂದ ಕಡಿ ಜೋರ ಹೊಡದು ಇಟ್ಟಂಗಿನ ಕಿತ್ತು ಕೈಗಿ ಬಂದಾಗ, ಬದಲಾ ತಗೊಂಡ್ರಿ ನೋಡ್ರಿ ಅಂಕಲ್, ಅಂದ್ಳಂತ. ಆಮ್ಯಾಲೆ ನಕ್ಕೋತ ಕೆಲಸ. ಮಧ್ಯಾಹ್ನ ಆಈ ಝುಣಕಾ ಭಾಕರಿ ಹಾಕಿದ್ರು. ಅಪ್ಪ ಎರಡ ಸಲ ನೀಡಿಸ್ಕೊಂಡ. ಅವ್ವ ಅಂತಾಳ, ಆಗಸ್ಟಿಂದ ಅವ ಹಂಗ ಉಂಡಿದ್ದು ಕಂಡಿಲ್ಲಂತ.

ಹೇಳ್ತಾ ಹೇಳ್ತಾ ಕುಂತಲ್ಲೇ ನಿದ್ದಿ ಹತ್ತೀತು ಅವ್ವಗ. ತಲ್ಯಾಗ ಸುಣ್ಣ. ನಾ ಒರಸಿದೆ.

೧೬ ನವೆಂಬರ್, ರವಿವಾರ

ಎಲ್ಲಾರೂ ಬಂದ್ರು. ಪತ್ರಾ ಹಾಕಿದ್ರು. ಬಾಗಲಾನೂ ಕೂಡಸಿದ್ರು. ತಾಈ ಆಫೀಸಿನವರಿಗಿ ತಿಳಿಸಿ ಹೇಳ್ಯಾಳ, ಗ್ರೂಪ್ ಓಪನ್.

ಅನಿಕೇತ್ ಅಪ್ಪನ್ನ ಕಂಡ ಕೂಡ್ಲೆ ಎರಡೂ ಕೈ ಮ್ಯಾಲೆತ್ತ್ಕೊಂಡು ಒಳಗ ಬಂದ, ಶರಣಾದವರಂಗ. ಅಪ್ಪ ಅವನ ಎತ್ತಿದ ಕೈಯಾಗ ಘಮೇಲಾ ಇಟ್ಟ. ಎಲ್ಲಾರೂ ನಕ್ರು. ನಾ ವಿಡಿಯೋ ತಗದೆ.

೨೩ ನವೆಂಬರ್, ರವಿವಾರ

ಹಾಲು ಉಕ್ಕಿತು.

ಅಪ್ಪ ಹೊಸ್ತಲಾದ ಹತ್ರ ಒಂದ ಕ್ಷಣ ನಿಂತು, ಬಲಗಾಲು ಒಳಗಿಟ್ಟ. ಮಲ್ಲಕ್ಕ ಆರತಿ ಮಾಡಿದ್ಲು. ಆಕಿಗೂ ಹಗುರಾತು, ಬೀಗರು ಮಂಗಳವಾರ ಬರಾಕತ್ತಾರ. ತಾಈ, ಅನಿಕೇತ್, ಇನ್ನೂ ಕೆಲವರು ಬಂದಿದ್ರು. ಅವ್ವ ಹೋಳಿಗಿ ಮಾಡಿದ್ಲು. ತಾಟು ತಂದು ತಾಈ ಮುಂದ ಹಿಡದ್ಲು, ಹಿಡಕೊಂಡ ನಿಂತ್ಲು. ಎಲ್ಲಾರೂ ತಾಈ ಕೈ ನೋಡ್ಲಾಕತ್ರು. ತಾಈ ತಗೊಂಡ್ಲು. ಆಮ್ಯಾಲೆ ಅನಿಕೇತಂದು ಕೇಳೋದ ಬ್ಯಾಡ, ತುಪ್ಪ ಎಲ್ಲದ ಅಂತ ಹುಡಕಿದ.

ಅವರು ಹೋದ ಮ್ಯಾಲೆ ಅಪ್ಪ ಹೊಸಾ ನೆಲದ ಮ್ಯಾಲೆ ಹಂಗ ಅಡ್ಡ ಆದ. ಚಾಪಿನೂ ಇಲ್ಲ. ನಾ ಸೆಪ್ಟೆಂಬರಿಂದ ತಗದ ವಿಡಿಯೋ ಎಲ್ಲಾ ಕೂಡಿಸಿ ಒಂದ ಮಾಡಿದ್ದೆ, ಹಾಡು ಹಾಕಿ. ತೋರಿಸಿದೆ. ಪೂರಾ ನೋಡ್ದ. ಚಲೋ ಅದ ಅಂದ.

"ಎಲ್ಲಾರೂ ಇದ್ದಾರ ಇದರಾಗ. ನೀ ಎಲ್ಲದಿ?"

"ನಾ ತಗದದ್ದಪ್ಪ ಅದು."

"ಹೂಂ. ನನ್ನ ಮುಯ್ಯಾ ಆತು. ನಿಂದು ನೀ ನೋಡ್ಕೊ ಮತ್ತ."

ಸಿಟ್ಟಿಲ್ಲ, ಏನಿಲ್ಲ. ಅಂದು ಆ ಕಡಿ ಹೊರಳಿ ಗೊರಕಿ ಹೊಡದ. ನನಗ ಇಲ್ಲಿತನಾ ನಿದ್ದಿ ಹತ್ತವಲ್ಲದು. ಎದ್ದು ನಿಂತೆ. ತಲಿ ಎಲ್ಲೂ ಬಡೀಲಿಲ್ಲ.

೪ ಡಿಸೆಂಬರ್, ಲೋಕಲಿನಾಗ

ದಣದೀನಿ. ಮಲ್ಲಕ್ಕನ ಮನಿ ಲಗ್ನ, ಎರಡ ಪೇಪರ್, ಸಾಮಾನು ಹೊರೋದು. ಇನ್ನೂ ಪುಸ್ತಕ ಒಣಗಿಲ್ಲ.

ನಿನ್ನಿ ತಾಈ ಸಂಡೇ ಹಾಥ್ ಗ್ರೂಪಿನಾಗ ಹಾಕ್ಯಾಳ. ಹಾರ್ಬರ್ ಲೈನಿನ ಆ ತುದಿಗಿ ಇನ್ನೊಂದು ಚಾಳು. ಅದ ಆಗಸ್ಟಿನ ನೀರು. ಅಲ್ಲಿಯವರು ಇನ್ನೂ ತಾಡಪತ್ರಿ ಕೆಳಗ ಅದಾರ. ಈ ರವಿವಾರದಿಂದ ಚಾಲೂ, ಮಂದಿ ಕಡಿಮಿ ಬೀಳ್ಲಾಕತ್ತಾರ. ಅಪ್ಪನೂ ಈಗ ಆ ಗ್ರೂಪಿನಾಗ ಅದಾನ, ಮೊದಲನೇ ಸಲ ವಾಯ್ಸ್ ನೋಟ್ ಕಳಿಸಿದ. ಮೀ ಯೇತೋ, ನಾ ಬರ್ತೀನಿ ಅಂತ. ಎರಡ ಶಬ್ದ, ಹಿಂದ ಬಿಲ್ಡಿಂಗಿನ ಗೇಟಿನ ಸಪ್ಪಳ.

ನಮ್ಮ ಚಾಳಿಂದೂ ಒಂದ ಗ್ರೂಪ್ ಅದ. ಮನಿ ಎದ್ದ ಫೋಟೋ ನಾ ಹಾಕಿದಾಗ ಕೈ ಮುಗಿಯೋ ಇಮೋಜಿ ಸಾಲು ಹಚ್ಚಿ ಬಂದಿದ್ವು. ಕೆಳಗಿನ ಓಣ್ಯಾಗ ಮನಿ ಸಿಕ್ಕವರೆಲ್ಲಾ ಕಳಿಸಿದ್ರು. ಮ್ಯಾಲಿನ ಓಣಿಯವರೂ. ನಿನ್ನಿ ಮಧ್ಯಾಹ್ನ ತಾಈ ಮೆಸೇಜ್ ಅಲ್ಲಿ ಫಾರ್ವರ್ಡ್ ಮಾಡ್ದೆ. ಯಾರು ಬರ್ತೀರಿ ಅಂತ ಕೇಳಿದೆ. ಎಲ್ಲಾರೂ ಓದ್ಯಾರ. ಸೀನ್, ಸೀನ್, ಸೀನ್. ಒಬ್ಬರು ಗುಡ್ ನೈಟ್ ಹೂವು ಕಳಿಸ್ಯಾರ.

ನಾನೂ ಇನ್ನೂ ಬರ್ತೀನಿ ಅಂದಿದ್ದಿಲ್ಲ. ರವಿವಾರ ಮಲಗೋದು ಅಂತ ಇತ್ತು. ಈಗ ಕುರ್ಲಾದ ಕಡಿ ಹೋಗೋ ಗಾಡಿ ಬಾಜೂಕ ಹಾದು ಹೋತು, ಬಾಗಲದಾಗ ನಿಂತವರೆಲ್ಲಾ ತೂಕಡಿಸ್ಲಾಕತ್ತಿದ್ರು. ಎಲ್ಲಾರೂ ದಣದಾರ. ತಾಈ ದಣದಿಲ್ಲೇನು.

ಆತು. ಮೊದಲ ಇಲ್ಲಿ ಬರದು ನೋಡ್ತೀನಿ, ಈ ಸಲ ಶಬ್ದ ತಪ್ಪಬಾರದು. ಆಮ್ಯಾಲೆ ಕಾಪಿ ಮಾಡಿ ಚಾಳಿನ ಗ್ರೂಪಿಗಿ ಹಾಕ್ತೀನಿ —

'ನಾ ಶಿವಕುಮಾರಿ, ಗುರಲಿಂಗಪ್ಪನ ಮಗಳು. ರವಿವಾರ ನಾ ಹೊಂಟೀನಿ, ಫೋನ್ ಕಿಸೆದಾಗ ಇಟ್ಕೊಂಡು. ಬೆಳಿಗ್ಗಿ ವಡಾಲಾ ಸ್ಟೇಷನ್ ಟಿಕೀಟ್ ಖಿಡಕಿ ಹತ್ರ ನಿಂತಿರ್ತೀನಿ. ನೀವು ಕಳಿಸಿದ ಮುಗಿದ ಕೈ ಎಲ್ಲಾ ನನ್ನ ಫೋನಿನಾಗ ಹಂಗ ಅದಾವ. ಖರೇ ಹೇಳ್ರಿ, ಆ ಕೈ ಬರೇ ಮುಗಿಲಾಕ ಅಷ್ಟ ಅದಾವೋ, ಘಮೇಲಾ ಎತ್ಲಾಕೂ ಬರ್ತಾವೋ?'